ಹಳ್ಳ ಹಾಯುವ ಮೋಟಾರು ಗಾಡಿಗಳ ಅಚ್ಚಿನ ಉಸಿರುಗೊಳವೆ

ಎತ್ತಿನ ಗಾಡಿಯು ಹಳ್ಳವನ್ನು ಹಾಯ್ದು ಬಂದರೆ ಅದರ ಅಚ್ಚಿಗೆ ಆಗುವ ಕೇಡು ಅತ್ಯಲ್ಪ. ಗಾಲಿಯ ನಡುವೆ ಹೊಕ್ಕ ನೀರು ಹೊಕ್ಕ ದಾರಿಯಿಂದಲೇ ಸೋರಿಹೋಗುವುದು. ಮರುದಿನ ಬೆಳಿಗ್ಗೆ ಕಡಾಣಿಯನ್ನು ಕಿತ್ತು, ಗಾಲಿಯನ್ನು ಈಚೆಗೆ ಸರಿಸಿ, ಹಳೆಯ ಮಡ್ಡಿಯನ್ನು ಒರೆಸಿ, ಹೊಸದಾಗಿ ಕೀಲೆಣ್ಣೆಯನ್ನು ಬಳಿದರೆ ಗಾಡಿಯು ಮತ್ತೆ ಕೆಲಸಕ್ಕೆ ಸಿದ್ಧವಾಗುವುದು. ಜೀಪು, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲವು ಹರಿಯುವ ಇತರ ಗಾಡಿಗಳು, ಟ್ರಾಕ್ಟರು ಇವುಗಳ ವಿಷಯ ಹೀಗಲ್ಲ. ಇವುಗಳ ಅಚ್ಚೆಂಬುದು ಮುಚ್ಚಿದ ಕಬ್ಬಿಣದ ಪೆಟ್ಟಿಗೆ. ಅದರೊಳಕ್ಕೆ ಒಮ್ಮೆ ನೀರು ಸೇರಿತೆಂದರೆ ತಾನಾಗಿ ಹೊರಕ್ಕೆ ಬರಲು ದಾರಿಯಿಲ್ಲ. ಒಳಗೆ ನಡೆಯುತ್ತಿರುವ ಹಾನಿಯು ಹೊರಗಿನವರ ಕಣ್ಣಿಗೆ ಬೀಳುವುದೂ ಇಲ್ಲ. ಮಳೆಗಾಲದಲ್ಲಿ ಹೊಕ್ಕ ನೀರಿನ ಫಲವು ಸುಗ್ಗಿಯ ಕಾಲದಲ್ಲಿ, ಗಾಡಿಯು ಅತ್ಯಗತ್ಯವಾಗಿರುವಾಗಲೇ, ಗೊರಗೊರ ಶಬ್ದವಾಗಿ ಪ್ರಕಟವಾಗುವುದುಂಟು.

ಮಲೆನಾಡಿನಲ್ಲಿಯೂ, ಸೇತುವೆಯಿಲ್ಲದ ಹಳ್ಳಗಳಿರುವ ಬಯಲುಸೀಮೆಯ ಊರುಗಳಲ್ಲಿಯೂ ಇಂಥ ಗಾಡಿಯು ಅದರ ಒಡೆಯರೊಬ್ಬರಿಗೇ ಸೇರಿದ್ದೆಂದು ಹೇಳಲಾಗದು. ಅಡಿಕೆ, ಕಾಫಿ, ಗೊಬ್ಬರದ ಮೂಟೆಗಳನ್ನು ಹೊರುವ ಜೀಪೇ ಇರುಳು ಹೊತ್ತಿನಲ್ಲಿ ಹೆರಿಗೆಯ ನೋವು ತಿನ್ನುತ್ತಿರುವ ಹೆಂಗಸನ್ನಾಗಲಿ, ಹಾವು ಕಚ್ಚಿದ ಆಳನ್ನಾಗಲಿ ಆಸ್ಪತ್ರೆಗೆ ಒಯ್ಯಬೇಕಾಗುವುದು. ಆಗ ಎಲ್ಲರೂ ಬಂದು ನಿಲ್ಲುವುದು ಊರ ಯಜಮಾನರ ಬಾಗಿಲಲ್ಲಿಯೇ. ಆದಕಾರಣ ಅಚ್ಚಿನ ಮೇಲಿರುವ ಒಂದು ಗುಂಡಿಯಷ್ಟು ಗಾತ್ರದ ಸಣ್ಣ ಭಾಗದ ವಿಷಯದಲ್ಲಿ ಇಷ್ಟು ವಿವರವಾಗಿ ಬರೆಯುವುದು ಅತಿಯೆನಿಸಲಾರದು.

ಮೊದಲು ಈ ಪೆಟ್ಟಿಗೆಯ ರಚನೆಯನ್ನು ತಿಳಿಯತಕ್ಕದ್ದು. ಅಚ್ಚಿನ ನಡುವಿನಲ್ಲಿ ಕುಂಬಳಕಾಯಿಯಂತೆ ಉಬ್ಬಿರುವ ಭಾಗಕ್ಕೆ ಡಿಫರೆನ್ಷಿಯಲ್ ಎಂದು ಹೆಸರು. ಗಾಡಿಯು ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರವು ಹೆಚ್ಚು ದೂರವನ್ನೂ ಒಳಗಿನ ಚಕ್ರವು ಕಡಿಮೆ ದೂರವನ್ನೂ ಕ್ರಮಿಸಬೇಕಾದುದರಿಂದ ಎರಡಕ್ಕೂ ತಕ್ಕ ವೇಗವನ್ನು ಹಂಚಿಕೊಡುವುದು ಇದರ ಕೆಲಸ. ಇದರೊಳಗೆ ಕ್ರೌನ್, ಪಿನಿಯನ್ ಎಂಬ ಹಲ್ಲುಚಕ್ರಗಳು ಒಂದರ ಮೇಲೊಂದು ಬಹು ಒತ್ತಡದಿಂದ ಉಜ್ಜುತ್ತ ತಿರುಗುವುವು. ಹಲ್ಲು ಹಲ್ಲಿಗೆ ನೇರವಾಗಿ ತಾಗದಂತೆ ತಡೆಯುವುದು ಗೇರ್ ಎಣ್ಣೆಯ ತೆಳುವಾದ ಪೊರೆಯೊಂದೇ. ಜೀಪಿನ ಅಚ್ಚಿನಲ್ಲಿ ಈ ಎಣ್ಣೆಯು ಒಂದರಿಂದ ಎರಡು ಲೀಟರಿನೊಳಗೆ ಇರುವುದು. ಪೆಟ್ಟಿಗೆಯ ಉಳಿದ ಜಾಗವನ್ನೆಲ್ಲ ಗಾಳಿಯು ತುಂಬಿರುವುದು.

ಗಾಡಿಯು ಓಡುತ್ತಿರುವಾಗ ಹಲ್ಲುಗಳ ಉಜ್ಜಾಟದಿಂದ ಎಣ್ಣೆಯು ಕಾಯುವುದು, ಅದರೊಡನೆ ಗಾಳಿಯೂ ಕಾದು ಹಿಗ್ಗುವುದು. ಹಿಗ್ಗಿದ ಗಾಳಿಗೆ ಹೊರಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಅದು ಚಕ್ರದ ಬಳಿಯ ಆಯಿಲ್ ಸೀಲನ್ನು ಒತ್ತಿ, ಎಣ್ಣೆಯನ್ನು ಹೊರಕ್ಕೆ ನೂಕುವುದು. ಇದನ್ನು ತಪ್ಪಿಸುವುದಕ್ಕಾಗಿಯೇ ಅಚ್ಚಿನ ಮೇಲ್ಭಾಗದಲ್ಲಿ ಒಂದು ಸಣ್ಣ ರಂಧ್ರವನ್ನಿಟ್ಟು, ಅದರ ಮೇಲೆ ಅಲುಗಾಡುವ ಟೋಪಿಯನ್ನು ಅಳವಡಿಸಿರುತ್ತಾರೆ. ಮೆಕ್ಯಾನಿಕ್ಕುಗಳು ಇದನ್ನು ಬ್ರೀದರ್ ಎಂದು ಕರೆಯುವರು. ಅಚ್ಚು ಉಸಿರಾಡುವುದು ಇದರ ಮೂಲಕವೇ ಆದುದರಿಂದ ಇದಕ್ಕೆ ಉಸಿರುಗಂಡಿ ಎಂದರೂ ಸಲ್ಲುವುದು.

ಉಸಿರು ಬಿಡುವುದು ಹೇಗೋ ಎಳೆದುಕೊಳ್ಳುವುದೂ ಹಾಗೆಯೇ. ತೊಂದರೆಯೆಲ್ಲ ಇಲ್ಲಿಂದ ಮೊದಲಾಗುತ್ತದೆ. ಬರಿದಾದ ಹಿತ್ತಾಳೆಯ ತಂಬಿಗೆಯನ್ನು ಚೆನ್ನಾಗಿ ಕಾಯಿಸಿ, ತಣ್ಣೀರು ತುಂಬಿದ ತಟ್ಟೆಯಲ್ಲಿ ಬೋರಲು ಹಾಕಿದರೆ, ತಂಬಿಗೆಯು ಆರುತ್ತ ಬಂದಂತೆ ತಟ್ಟೆಯ ನೀರು ಒಳಕ್ಕೆ ಏರುವುದನ್ನು ಯಾರಾದರೂ ಮನೆಯಲ್ಲಿಯೇ ನೋಡಬಹುದು. ಹತ್ತಿಪ್ಪತ್ತು ಮೈಲಿ ಓಡಿ ಕಾದಿರುವ ಅಚ್ಚು ಹೊಳೆಯ ತಣ್ಣೀರಿಗೆ ಇಳಿದಾಗ ಆಗುವುದೂ ಇದೇ. ಕಬ್ಬಿಣವು ಆರುವುದು, ಒಳಗಿನ ಗಾಳಿ ಕುಗ್ಗುವುದು, ಕುಗ್ಗಿದ ಗಾಳಿಯು ಸಿಕ್ಕಿದ್ದನ್ನು ಎಳೆದುಕೊಳ್ಳುವುದು. ಉಸಿರುಗಂಡಿಯು ಆಗ ನೀರಿನೊಳಗೆ ಮುಳುಗಿದ್ದರೆ ಒಳಕ್ಕೆ ಹೋಗುವುದು ನೀರೇ ಹೊರತು ಗಾಳಿಯಲ್ಲ.

ಎಷ್ಟು ನೀರು ಹೋದೀತು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಒಳಗಿನ ಗಾಳಿಯ ಬಿಸಿ ೭೭ ಡಿಗ್ರಿ ಸೆಂಟಿಗ್ರೇಡ್ ಇದ್ದು, ಹೊಳೆಯ ನೀರಿನಲ್ಲಿ ೨೫ ಡಿಗ್ರಿಗೆ ಇಳಿಯಿತೆಂದು ಭಾವಿಸಿದರೆ, ಗಾಳಿಯ ಗಾತ್ರವು ನೂರಕ್ಕೆ ಸುಮಾರು ೧೫ ಪಾಲು ಕುಗ್ಗುವುದು. ಪೆಟ್ಟಿಗೆಯಲ್ಲಿ ೩ ಲೀಟರು ಗಾಳಿಯಿದ್ದರೆ ಕುಗ್ಗಿದ ಜಾಗ ೪೫೦ ಮಿಲಿಲೀಟರು. ಹಳ್ಳವನ್ನು ದಾಟುವ ಕೆಲವು ನಿಮಿಷಗಳಲ್ಲಿ ಅಚ್ಚು ಪೂರ್ತಿ ಆರಲಾರದು, ನಿಜ. ಅರ್ಧ ಆರಿದರೂ ಒಂದು ದೊಡ್ಡ ಲೋಟದಷ್ಟು ನೀರಿಗೆ ಸ್ಥಳವಾಯಿತು. ಒಂದೂವರೆ ಲೀಟರು ಎಣ್ಣೆಗೆ ಒಂದು ಲೋಟ ನೀರು ಬೆರೆತರೆ ಆ ಎಣ್ಣೆಯ ಗತಿಯೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲವು ಹಳೆಯ ಗಾಡಿಗಳ ಉಸಿರುಗಂಡಿಯಲ್ಲಿ ಸಣ್ಣ ಗುಂಡನ್ನಿಟ್ಟು, ಒಳಗಿನ ಗಾಳಿ ಹೊರಕ್ಕೆ ಹೋಗಲು ಬಿಟ್ಟು ಹೊರಗಿನದು ಒಳಕ್ಕೆ ಬಾರದಂತೆ ಮಾಡಿರುವುದುಂಟು. ಇದರಿಂದ ನೀರಿನ ಭಯ ತಪ್ಪಿತೆಂದು ಭಾವಿಸುವುದು ತಪ್ಪು. ಗಂಡಿ ಮುಚ್ಚಿಕೊಂಡರೆ ಸೆಳೆತವೆಲ್ಲ ಸೀಲುಗಳ ಮೇಲೆ ಬೀಳುವುದು. ಮೇಲಿನ ಲೆಕ್ಕದಂತೆ ಗಾಳಿಯು ಪೂರ್ತಿ ಆರಿದಲ್ಲಿ ಆ ಸೆಳೆತವು ಸುಮಾರು ಒಂದೂವರೆ ಮೀಟರು ಎತ್ತರದ ನೀರಿನ ಒತ್ತಡಕ್ಕೆ ಸಮಾನ. ಸೀಲಿನ ತುಟಿಯಾದರೋ ಒಳಗಿನ ಎಣ್ಣೆಯನ್ನು ಹೊರಬಿಡದಂತೆ ಒಳಮುಖವಾಗಿ ಕೂಡಿಸಿದ್ದು. ಹೊರಗಿನ ನೀರನ್ನು ತಡೆಯಲು ಅದಕ್ಕೆ ಹೆಚ್ಚಿನ ಶಕ್ತಿಯಿಲ್ಲ. ಒಳಗೊಬ್ಬ ಕಾವಲುಗಾರನನ್ನು ಇಟ್ಟು ಹೊರಬಾಗಿಲನ್ನು ತೆರೆದಿಟ್ಟಂತೆ ಇದು.

ಒಳಸೇರಿದ ನೀರು ಹಲ್ಲುಚಕ್ರಗಳ ಕಡೆತಕ್ಕೆ ಸಿಕ್ಕಿ ಎಣ್ಣೆಯೊಡನೆ ಬೆರೆಯುವುದು. ಆಗ ಎಣ್ಣೆಯ ಬಣ್ಣವು ಹಾಲು ಹಾಕಿದ ಕಾಫಿಯಂತಾಗುವುದು. ಈ ಮಿಶ್ರಣಕ್ಕೆ ಹಲ್ಲುಗಳ ನಡುವಣ ಒತ್ತಡವನ್ನು ತಾಳುವ ಪೊರೆಯನ್ನು ಕಟ್ಟುವ ಶಕ್ತಿಯಿಲ್ಲ. ಗಾಡಿಯನ್ನು ಓಡಿಸುತ್ತಿದ್ದರೆ ಹಲ್ಲುಗಳು ಸವೆಯುವುವು; ಓಡಿಸದೆ ಕೊಟ್ಟಿಗೆಯಲ್ಲಿ ನಿಲ್ಲಿಸಿದರೆ ಬೇರಿಂಗುಗಳ ನುಣುಪಾದ ಮೈಯ ಮೇಲೆ ತುಕ್ಕಿನ ಕಲೆಗಳೆದ್ದು, ಮುಂದೆ ಅವೇ ಗುಳಿಗಳಾಗುವುವು. ಎರಡನೆಯದು ಮೊದಲನೆಯದಕ್ಕಿಂತ ಮೋಸದ್ದು. ಮಳೆಗಾಲದಲ್ಲಿ ದಾರಿ ಕೆಟ್ಟಿತೆಂದು ತಿಂಗಳುಗಟ್ಟಲೆ ಗಾಡಿಯನ್ನು ಮೂಲೆಗೆ ನಿಲ್ಲಿಸುವವರು, ಅದಕ್ಕೆ ವಿಶ್ರಾಂತಿ ಕೊಟ್ಟೆವೆಂದು ತಿಳಿಯುತ್ತಾರೆ. ಒಳಗೆ ತುಕ್ಕು ಮಾತ್ರ ಒಂದು ದಿನವೂ ವಿಶ್ರಮಿಸುವುದಿಲ್ಲ.

ಉಸಿರುಗಂಡಿಯು ಕೆಸರಿನಿಂದ ಮುಚ್ಚಿಹೋದರೆ ಬೇರೊಂದು ಕೇಡು ಉಂಟಾಗುವುದು; ಇದು ಗಾಡಿಗೆ ಮಾತ್ರವಲ್ಲದೆ ಪ್ರಾಣಕ್ಕೇ ಸಂಬಂಧಿಸಿದ್ದು. ಹಿಗ್ಗಿದ ಗಾಳಿಯು ಗಂಡಿಯಿಂದ ಹೋಗಲಾರದೆ ಎಣ್ಣೆಯನ್ನು ಚಕ್ರದ ಕಡೆಗೆ ನೂಕುವುದು. ಡ್ರಮ್ಮಿನ ಬ್ರೇಕುಳ್ಳ ಗಾಡಿಗಳಲ್ಲಿ ಆ ಎಣ್ಣೆಯು ಬ್ರೇಕಿನ ಪಟ್ಟಿಗಳ ಮೇಲೆಯೇ ಹರಡುವುದು. ಎಣ್ಣೆ ಕುಡಿದ ಪಟ್ಟಿಯು ಹಿಡಿಯುವುದಿಲ್ಲ. ಹಿಡಿದರೂ ಒಂದು ಚಕ್ರ ಹಿಡಿದು ಇನ್ನೊಂದು ಜಾರಿ ಗಾಡಿಯು ಪಕ್ಕಕ್ಕೆ ಎಳೆಯುವುದು. ಘಟ್ಟದ ಇಳಿಜಾರಿನಲ್ಲಿ ಹೀಗಾದರೆ ಪರಿಣಾಮವನ್ನು ಊಹಿಸಬಹುದು. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ನಡೆಯುವುದೇನೆಂದರೆ: ಚಕ್ರದ ಒಳಮೈಯಲ್ಲಿ ಎಣ್ಣೆಯನ್ನು ಕಂಡು ಸೀಲು ಹೋಯಿತೆಂದು ಹೊಸ ಸೀಲನ್ನು ಹಾಕಿಸುತ್ತಾರೆ, ತಿಂಗಳು ಕಳೆಯುವುದರೊಳಗೆ ಅದೂ ಸೋರುತ್ತದೆ, ಸೀಲು ಕಳಪೆಯೆಂದು ಅಂಗಡಿಯವನನ್ನು ಬಯ್ದು ಮೂರನೆಯದನ್ನು ಹಾಕಿಸುತ್ತಾರೆ. ಎರಡು ಸಲ ಸೀಲು ಸೋರಿದರೆ ಮೂರನೆಯದಕ್ಕೆ ಹಣ ಕೊಡುವುದಕ್ಕೆ ಮೊದಲು ಉಸಿರುಗಂಡಿಯ ಟೋಪಿಯನ್ನು ಬೆರಳಿನಿಂದ ತಿರುಗಿಸಿ ನೋಡತಕ್ಕದ್ದು. ಅದು ಅಲುಗದಿದ್ದರೆ ಕಾರಣವು ಅಲ್ಲಿಯೇ ಇದೆ.

ಈ ವಿಷಯವು ಹೊಸತಲ್ಲ. ಎರಡನೆಯ ಮಹಾಯುದ್ಧದಲ್ಲಿ ಜೀಪುಗಳನ್ನು ಹಡಗಿನಿಂದ ನೇರವಾಗಿ ಸಮುದ್ರದ ದಡಕ್ಕೆ ಇಳಿಸಬೇಕಾಗಿ ಬಂದಾಗ, ಎಂಜಿನ್ನು, ವಿದ್ಯುತ್ತಿನ ಭಾಗಗಳು, ಎಣ್ಣೆಯ ಪೆಟ್ಟಿಗೆಗಳು ಇವುಗಳಿಗೆ ನೀರು ಹೊಗದಂತೆ ಮಾಡುವುದು ದೊಡ್ಡ ಕೆಲಸವಾಗಿ ಪರಿಣಮಿಸಿತು. ಯುದ್ಧವು ಮುಗಿಯುತ್ತಿದ್ದ ೧೯೪೫ರಲ್ಲಿಯೇ ವಿಲ್ಲಿಸ್ ಕಂಪೆನಿಯು ಬೇಸಾಯಗಾರರಿಗೆಂದು ಜೀಪನ್ನು ಮಾರಲು ತೊಡಗಿತು. ೧೯೪೭ರಲ್ಲಿ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆಯವರು ಅದೇ ಜೀಪನ್ನು ಜೋಡಿಸುವ ಕೆಲಸವನ್ನು ಕೈಗೊಂಡರು. ೧೯೪೮ರಲ್ಲಿ ಇಂಗ್ಲೆಂಡಿನ ಲ್ಯಾಂಡ್‌ರೋವರ್ ಗಾಡಿಯು, ಅದೂ ಮುಖ್ಯವಾಗಿ ರೈತರನ್ನು ಉದ್ದೇಶಿಸಿಯೇ, ಹೊರಬಂದಿತು. ಈ ಗಾಡಿಗಳ ಹಳೆಯ ಮಾದರಿಗಳಲ್ಲಿ ಉಸಿರುಗಂಡಿಯು ಅಚ್ಚಿನ ಮೇಲೆಯೇ ಇರುತ್ತಿತ್ತು. ಕಾಲಕ್ರಮದಲ್ಲಿ ತಯಾರಕರೇ ಅಲ್ಲಿಂದ ಕೊಳವೆಯನ್ನು ಮೇಲಕ್ಕೆ ಒಯ್ದು ಎತ್ತರದಲ್ಲಿ ಬಿಡಲು ಮೊದಲುಮಾಡಿದರು. ಆದುದರಿಂದ ಈಚಿನ ಗಾಡಿಯನ್ನು ಕೊಂಡವರು ಕೈಹಾಕುವುದಕ್ಕೆ ಮುಂಚೆ ಕೆಳಗೆ ಬಗ್ಗಿ ನೋಡಬೇಕು. ಕೊಳವೆಯು ಆಗಲೇ ಇರಬಹುದು, ಅದರ ತುದಿ ಎಲ್ಲಿಗೆ ಮುಟ್ಟುತ್ತದೆಯೆಂಬುದನ್ನು ಮಾತ್ರ ಪತ್ತೆ ಮಾಡಿದರೆ ಸಾಕು. ಖಾತರಿಯ ಅವಧಿ ಮುಗಿಯದ ಗಾಡಿಯಾದರೆ ಮಾರಾಟಗಾರರನ್ನು ಕೇಳಿಯೇ ಮುಂದುವರಿಯುವುದು ವಿವೇಕ.

ಹಳೆಯ ಜೀಪಿಗೆ ಕೊಳವೆಯನ್ನು ಹಾಕಿಸುವ ಕೆಲಸವು ಅರ್ಧ ದಿನದ್ದು. ಸಾಧಾರಣ ಮೆಕ್ಯಾನಿಕ್ಕನು ಮಾಡಬಲ್ಲನು. ಹಾಕಿಸುವವರು ಎದುರಿಗೆ ನಿಂತು ಕೆಲವು ಅಂಶಗಳನ್ನು ಗಮನಿಸುವುದು ಒಳ್ಳೆಯದು. ಏತಕ್ಕೆಂದರೆ ಈ ಕೆಲಸದಲ್ಲಿ ಕೆಡುವುದೆಲ್ಲ ಅವಸರದಿಂದ ಕೆಡುವುದು.

ಹಳೆಯ ಟೋಪಿಯನ್ನು ಬಿಚ್ಚುವುದಕ್ಕೆ ಮೊದಲು ಅದರ ಸುತ್ತಣ ಮಣ್ಣನ್ನು ಕುಂಚ, ಸೀಮೆಎಣ್ಣೆ ಅಥವಾ ಡೀಸೆಲ್ಲಿನಿಂದ ಪೂರ್ತಿಯಾಗಿ ತೊಳೆದು ಒರೆಸಬೇಕು. ಇಲ್ಲವಾದರೆ ಬಿಚ್ಚಿದೊಡನೆಯೇ ಮರಳು ಪೆಟ್ಟಿಗೆಯೊಳಕ್ಕೆ ಉದುರುವುದು. ನೀರನ್ನು ತಡೆಯಹೋಗಿ ಮರಳನ್ನು ತುಂಬಿದಂತಾಗುವುದು. ಬಿಚ್ಚಿದ ಟೋಪಿಯನ್ನು ಅಂಗಡಿಗೆ ಕೊಂಡುಹೋಗಿ, ಅದರ ಮರೆ ಸುತ್ತಿಗೆ ಸರಿಹೋಗುವ, ಕೊಳವೆಯನ್ನು ಸಿಕ್ಕಿಸಲು ಮೂತಿಯಿರುವ ನಿಪ್ಪಲನ್ನು ತರಬೇಕು. ಮರೆ ಸುತ್ತುಗಳಲ್ಲಿ ಅಂಗುಲದ ಲೆಕ್ಕದವೂ ಮಿಲಿಮೀಟರಿನವೂ ಇವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬಲವಂತವಾಗಿ ತಿರುಗಿಸಿದರೆ ಮೊದಲೆರಡು ಸುತ್ತು ಹಿಡಿದು ಮುಂದೆ ಅಚ್ಚಿನ ಮರೆಯನ್ನೇ ಕೆಡಿಸುವುದು. ಹೊಸದಾಗಿ ಮರೆ ಕೊರೆಯುವುದು ಅನಿವಾರ್ಯವಾದರೆ ಕಬ್ಬಿಣದ ಪುಡಿ ಒಳಬೀಳದಂತೆ ಕೊರೆಯುವ ಉಳಿಗೆ ಗಟ್ಟಿ ಗ್ರೀಸನ್ನು ಬಳಿದುಕೊಳ್ಳಬೇಕು. ಅನಂತರ ಎಣ್ಣೆಯನ್ನು ಬದಲಾಯಿಸಿಬಿಡುವುದೇ ಲೇಸು.

ಕೊಳವೆಯು ಎಣ್ಣೆಗೂ ಬಿಸಿಗೂ ತಾಳುವಂಥದಾಗಿರಬೇಕು. ಡೀಸೆಲ್ ಹರಿಯುವುದಕ್ಕೆ ಉಪಯೋಗಿಸುವ ರಬ್ಬರು ಕೊಳವೆ, ಇಲ್ಲವೆ ಗಟ್ಟಿಯಾದ ನೈಲಾನ್ ಕೊಳವೆ ಯೋಗ್ಯವಾದದ್ದು. ಒಳಗಿನ ಅಗಲ ೬ರಿಂದ ೮ ಮಿಲಿಮೀಟರು ಇದ್ದರೆ ಜೀಪಿಗೆ ಸಾಕು. ಗಾರೆ ಕೆಲಸದವರು ಮಟ್ಟ ನೋಡಲು ಇಟ್ಟುಕೊಳ್ಳುವ ಪಾರದರ್ಶಕ ಕೊಳವೆಯು ಅಗ್ಗವೆಂದು ಕೆಲವರು ಅದನ್ನೇ ಹಾಕಿಸುವರು. ಅದು ಮೊದಮೊದಲು ಬಿಸಿಗೆ ಮೆತ್ತಗಾಗಿ ಮಡಚಿಕೊಳ್ಳುವುದು, ಆಮೇಲೆ ಎಣ್ಣೆಗೆ ಒರಟಾಗಿ ಬಿರಿಯುವುದು. ಮಡಚಿಕೊಂಡ ಕೊಳವೆಗೂ ಮುಚ್ಚಿಹೋದ ಗಂಡಿಗೂ ಭೇದವಿಲ್ಲ.

ಉದ್ದದ ವಿಷಯದಲ್ಲಿ ಆಗುವ ತಪ್ಪೇ ಹೆಚ್ಚು. ಗಾಡಿಯು ಸಮನೆಲದಲ್ಲಿ ನಿಂತಿರುವಾಗ ಅಳೆದು ಕತ್ತರಿಸಿದ ಕೊಳವೆಯು, ಒಂದು ಚಕ್ರ ಗುಂಡಿಗೆ ಇಳಿದು ಅಚ್ಚು ಕೆಳಕ್ಕೆ ಜಗ್ಗಿದೊಡನೆ ಕಿತ್ತು ಬರುವುದು. ಕಿತ್ತುಬಂದ ಸಂಗತಿಯು ಯಾರಿಗೂ ತಿಳಿಯದು. ಅದು ತಿಳಿಯುವುದು ಎಣ್ಣೆ ಕಾಫಿಯ ಬಣ್ಣಕ್ಕೆ ತಿರುಗಿದ ಮೇಲೆ. ಆದಕಾರಣ ಗಾಡಿಯ ಚಾಸಿಯನ್ನು ಜಾಕಿನಿಂದ ಎತ್ತಿ ಭದ್ರವಾದ ಆಧಾರದ ಮೇಲೆ ಕೂಡಿಸಿ, ಅಚ್ಚನ್ನು ಪೂರ್ತಿಯಾಗಿ ಇಳಿಬಿಟ್ಟು ಅಳತೆ ಮಾಡಬೇಕು. ಮುಂದಿನ ಅಚ್ಚಾದರೆ ಸ್ಟಿಯರಿಂಗನ್ನು ಎರಡು ಕೊನೆಗಳಿಗೂ ತಿರುಗಿಸಿ ಎಲ್ಲಿಯೂ ಎಳೆಯದು, ಉಜ್ಜದು ಎಂಬುದನ್ನು ನೋಡತಕ್ಕದ್ದು. ಅಚ್ಚಿನಿಂದ ಚಾಸಿಗೆ ಬ್ರೇಕಿನ ರಬ್ಬರು ಕೊಳವೆ ಹೋಗಿರುವ ದಾರಿಯನ್ನೇ ಹಿಡಿದರೆ ಬಹುಮಟ್ಟಿಗೆ ಕ್ಷೇಮ. ಆ ದಾರಿಯನ್ನು ತಯಾರಕರು ಆಗಲೇ ಯೋಚಿಸಿ ಇಟ್ಟಿದ್ದಾರೆ. ಬ್ರೇಕಿನ ಕೊಳವೆಗೆ ಮಾತ್ರ ಬಿಗಿದು ಕಟ್ಟಕೂಡದು. ಸೈಲೆನ್ಸರಿನಿಂದಲೂ, ತಿರುಗುವ ಷಾಫ್ಟಿನಿಂದಲೂ ದೂರವಾಗಿಯೇ ಇರಬೇಕು.

ಅಚ್ಚಿನಿಂದ ತುದಿಯವರೆಗೆ ಕೊಳವೆಯು ಏರುತ್ತಲೇ ಹೋಗಬೇಕು. ನಡುವೆ ಜೋತುಬಿದ್ದರೆ ಎಣ್ಣೆಯ ಆವಿ ತಣಿದ ಹನಿಗಳೂ ತೇವವೂ ಆ ತಗ್ಗಿನಲ್ಲಿ ನಿಂತು ಬಿರಟೆಯಂತೆ ಅಡ್ಡವಾಗುವುವು. ಹಿಂದಿನ ಅಚ್ಚಿನ ಕೊಳವೆಯನ್ನು ಚಾಸಿಯ ಮೇಲಂಚಿನಲ್ಲಿ ಮುಂದಕ್ಕೆ ತಂದು ಎಂಜಿನ್ನಿನ ಹಿಂಬದಿಯ ತಗಡಿಗೆ ಏರಿಸುವವರುಂಟು. ಹಿಂದೆಯೇ ಮೈಯೊಳಗೆ ಎತ್ತರಕ್ಕೆ ಒಯ್ದು ಮುಗಿಸುವವರೂ ಉಂಟು. ಎರಡನೆಯದು ಹಾದಿ ಚಿಕ್ಕದಾದುದರಿಂದ ಮೇಲು. ತುದಿಯ ಎತ್ತರವು ಎಂಜಿನ್ನು ಗಾಳಿಯನ್ನು ಸೆಳೆಯುವ ಬಾಯಿಯ ಮಟ್ಟಕ್ಕೆ ಇದ್ದರೆ ಸಾಕು. ಅದಕ್ಕಿಂತ ಮೇಲೆ ಒಯ್ದರೆ ಪ್ರಯೋಜನವಿಲ್ಲ. ಆ ಆಳದ ನೀರಿನಲ್ಲಿ ಮೊದಲು ಸಾಯುವುದು ಎಂಜಿನ್ನೇ.

ತುದಿಯನ್ನು ಊರುಗೋಲಿನ ಹಿಡಿಯಂತೆ ಕೆಳಮುಖವಾಗಿ ಬಾಗಿಸಿ, ಅದಕ್ಕೊಂದು ಸಣ್ಣ ಪೆಟ್ರೋಲ್ ಫಿಲ್ಟರನ್ನಾಗಲಿ, ಸಣ್ಣ ಕಣ್ಣಿನ ತಂತಿಬಲೆಯನ್ನಾಗಲಿ ಸಿಕ್ಕಿಸಬೇಕು. ಧೂಳಿಗಿಂತಲೂ ಹೆಚ್ಚಾಗಿ ಇದು ಬೇಕಾದದ್ದು ಕಣಜಗಳ ಸಲುವಾಗಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ತೆರೆದ ಕೊಳವೆಯ ಬಾಯಿಯಷ್ಟು ಪ್ರಿಯವಾದ ಸ್ಥಳ ಬೇರೊಂದಿಲ್ಲ. ವಾರವೊಂದು ನಿಲ್ಲಿಸಿದ ಗಾಡಿಯಲ್ಲಿ ಅದು ತನ್ನ ಸಂಸಾರವನ್ನು ಹೂಡಿ ಬಾಯಿಯನ್ನು ಮೆತ್ತಿಬಿಡುವುದು. ಕೊಟ್ಟಿಗೆಯಲ್ಲಿ ನಿಲ್ಲುವ ಗಾಡಿಗಳಿಗೆ ಇಲಿಯ ಕಾಟವೂ ಉಂಟು, ಅದರ ಹಲ್ಲಿಗೆ ರಬ್ಬರು ಎಷ್ಟರದು? ಫಿಲ್ಟರು ಎಣ್ಣೆಯಿಂದ ತೊಯ್ದಿದ್ದರೆ ಹೊಸದನ್ನು ಹಾಕಬೇಕು.

ಗೇರ್ ಪೆಟ್ಟಿಗೆಗೂ, ನಾಲ್ಕು ಚಕ್ರಗಳಿಗೆ ಬಲವನ್ನು ಹಂಚುವ ಟ್ರಾನ್ಸ್‌ಫರ್ ಕೇಸಿಗೂ ಇಂಥವೇ ಗಂಡಿಗಳಿವೆ. ಅವಕ್ಕೂ ಕೊಳವೆಯನ್ನು ಒದಗಿಸುವುದು ಯುಕ್ತ. ನಾಲ್ಕನ್ನೂ ಮೇಲುಗಡೆ ಕೂಡಿಸಿ ಒಂದೇ ಬಾಯಿಯಲ್ಲಿ ಬಿಡುವ ಪದ್ಧತಿ ನೋಡಲು ಅಂದವಾಗಿದೆ. ಆದರೆ ಆ ಒಂದು ಬಾಯಿ ಮುಚ್ಚಿದರೆ ನಾಲ್ಕೂ ಉಸಿರುಕಟ್ಟುವುವು. ಒಂದೊಂದಕ್ಕೆ ಒಂದೊಂದು ಕೊಳವೆಯನ್ನು ಬೇರೆಯಾಗಿಯೇ ಒಯ್ದು ಒಂದೇ ಕಡೆ ಸಾಲಾಗಿ ನಿಲ್ಲಿಸುವುದು ಹಳ್ಳಿಯ ಉಪಯೋಗಕ್ಕೆ ಹೆಚ್ಚು ತಕ್ಕದ್ದು.

ಕೆಲಸ ಮುಗಿದ ಮೇಲೆ ಎಣ್ಣೆ ಹಾಕುವ ಬಿರಟೆಯನ್ನು ತೆರೆದು, ಕೊಳವೆಯ ಮೇಲಿನ ತುದಿಯಿಂದ ಬಾಯಲ್ಲಿ ಮೆಲ್ಲಗೆ ಊದಿ ನೋಡಬೇಕು. ಗಾಳಿಯು ತಡೆಯಿಲ್ಲದೆ ಹೋದರೆ ದಾರಿ ಸರಿಯಾಗಿದೆ. ಟೈರಿಗೆ ಗಾಳಿ ತುಂಬುವ ಯಂತ್ರದಿಂದ ಊದಿಸುವುದು ಸರ್ವಥಾ ಕೂಡದು. ಸೀಲುಗಳನ್ನು ಹೊರಕ್ಕೆ ಹಾರಿಸಲು ಅಷ್ಟು ಒತ್ತಡ ಬೇಕಾಗಿಯೇ ಇಲ್ಲ.

ಟ್ರಾಕ್ಟರುಗಳ ವಿಷಯವನ್ನು ಬೇರೆಯಾಗಿ ಹೇಳಬೇಕಾಗಿದೆ. ಹಿಂದಿನ ಅಚ್ಚಿನ ಉಸಿರುಗಂಡಿಯು ಸಾಮಾನ್ಯವಾಗಿ ಎತ್ತರದಲ್ಲಿರುವುದರಿಂದ ಗದ್ದೆಯ ನೀರು ಅಲ್ಲಿಗೆ ಮುಟ್ಟುವುದು ಅಪರೂಪ. ಆದರೆ ನಾಲ್ಕು ಚಕ್ರಗಳಿಗೂ ಬಲವಿರುವ ಟ್ರಾಕ್ಟರುಗಳ ಮುಂದಿನ ಅಚ್ಚು ತಗ್ಗಿನಲ್ಲಿದ್ದು, ಕೆಸರುಗದ್ದೆಯನ್ನು ಹದಮಾಡುವಾಗ ಕೆಸರಿನಲ್ಲಿ ಹೂತುಕೊಂಡೇ ನಡೆಯುವುದು. ಬೆಳಗಿನಿಂದ ಉತ್ತು ಕಾದಿರುವ ಯಂತ್ರವನ್ನು ನಡುಹಗಲಿನ ಊಟದ ಹೊತ್ತಿಗೆ ಚಾಲಕನು ಗದ್ದೆಯ ನಡುವೆಯೇ ನಿಲ್ಲಿಸಿ ಬರುವನು. ಅವನು ಊಟಮಾಡುತ್ತಿರುವಾಗ ಅಚ್ಚು ಕೆಸರು ನೀರನ್ನು ಕುಡಿಯುತ್ತಿರುತ್ತದೆ! ಊಟಕ್ಕೆ ಏಳುವ ಮೊದಲು ಟ್ರಾಕ್ಟರನ್ನು ಬದುವಿನ ಆಚೆಗೆ ಗಟ್ಟಿನೆಲಕ್ಕೆ ತಂದು ನಿಲ್ಲಿಸಬೇಕೆಂದು ಕಟ್ಟುಮಾಡುವುದಕ್ಕೆ ಖರ್ಚೇನೂ ಇಲ್ಲ. ಸಂಜೆ ತೊಳೆಯುವಾಗ ಗಂಡಿಯ ಮೇಲಿನ ಕೆಸರನ್ನು ಒಣಗುವುದಕ್ಕೆ ಮುಂಚೆಯೇ ತೆಗೆಯಿಸಬೇಕು. ನೀರಿನ ಧಾರೆಯನ್ನು ಮಾತ್ರ ಗಂಡಿಗೆ ನೇರವಾಗಿ ಹಿಡಿಯಿಸಬಾರದು.

ಟ್ರಾಕ್ಟರಿನ ಹಿಂಬದಿಯ ಪೆಟ್ಟಿಗೆಗೆ ಸ್ವಂತ ಬುದ್ಧಿಯಿಂದ ಸಣ್ಣ ಕೊಳವೆಯನ್ನು ಹಾಕಿಸುವುದು ಸರಿಯಲ್ಲ. ಅನೇಕ ಟ್ರಾಕ್ಟರುಗಳಲ್ಲಿ ಗೇರುಗಳಿಗೂ, ನೇಗಿಲನ್ನೆತ್ತುವ ಹೈಡ್ರಾಲಿಕ್ ಯಂತ್ರಕ್ಕೂ ಒಂದೇ ಎಣ್ಣೆ; ಅದು ಹತ್ತಾರು ಲೀಟರು ಇರುವುದು. ನೇಗಿಲು ಎದ್ದಾಗ ಎಣ್ಣೆಯ ಮಟ್ಟ ಇಳಿದು, ನೇಗಿಲು ಇಳಿದಾಗ ಏರುವುದರಿಂದ ಅಲ್ಲಿ ಗಾಳಿಯ ಓಡಾಟ ಬಹಳ. ಕಿರಿದಾದ ಕೊಳವೆ ಅದಕ್ಕೆ ಸಾಲದು. ಅದರ ತಯಾರಕರ ಸಲಹೆಯಂತೆಯೇ ನಡೆಯತಕ್ಕದ್ದು.

ಕೊಳವೆ ಹಾಕಿಸಿದ ಮಾತ್ರಕ್ಕೆ ಹೊಳೆಗೆ ನುಗ್ಗಬಹುದೆಂದು ತಿಳಿಯುವವರಿಗೆ ಕೆಲವು ಮಾತುಗಳು. ಸವೆದ ಸೀಲು ಕೊಳವೆಯಿಂದ ಹೊಸತಾಗುವುದಿಲ್ಲ. ನೀರಿನ ಆಳದಿಂದಲೇ ಒಂದಿಷ್ಟು ಒತ್ತಡವು ಅದರ ಮೇಲೆ ಇದ್ದೇ ಇರುವುದು. ಚಕ್ರದ ಹಬ್ಬುಗಳಲ್ಲಿರುವ ಗ್ರೀಸಿಗೂ ಈ ಕೊಳವೆಗೂ ಸಂಬಂಧವಿಲ್ಲ. ಅದನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು. ಎಂಜಿನ್ನು ಗಾಳಿಯ ಬದಲು ನೀರನ್ನು ಸೆಳೆದುಕೊಂಡರೆ, ನೀರು ಗಾಳಿಯಂತೆ ಕುಗ್ಗಲಾರದಾದುದರಿಂದ ಒಳಗಿನ ಕನೆಕ್ಟಿಂಗ್ ರಾಡುಗಳೇ ಬಾಗುವುವು. ಪ್ರತಿ ಗಾಡಿಗೂ ತಯಾರಕರು ಹಾಯಬಹುದಾದ ಆಳವನ್ನು ಪುಸ್ತಕದಲ್ಲಿ ಕೊಟ್ಟಿರುತ್ತಾರೆ. ಹೆಸರುವಾಸಿಯಾದ ಲ್ಯಾಂಡ್‌ರೋವರ್ ಡಿಫೆಂಡರಿನ ಹಳೆಯ ಮಾದರಿಗೆ ಕೂಡ ಅದು ೫೦೦ ಮಿಲಿಮೀಟರು ಮಾತ್ರ, ಎಂದರೆ ಮೊಣಕಾಲಿನ ಮಟ್ಟ. ಹರಿಯುವ ನೀರಾದರೆ ಆಳದೊಡನೆ ಸೆಳೆತವನ್ನೂ ಎಣಿಸಬೇಕು. ಎರಡು ಅಡಿ ಆಳದ ಹರಿಯುವ ನೀರು ಬಹುತೇಕ ಎಲ್ಲ ಮೋಟಾರು ಗಾಡಿಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು. ಅಂಥ ನೀರಿಗೆ ಗಾಡಿಯನ್ನು ಇಳಿಸು ಎಂದು ಚಾಲಕನಿಗೆ ಅಪ್ಪಣೆ ಕೊಡುವ ಅಧಿಕಾರ ಯಾವ ಯಜಮಾನರಿಗೂ ಇಲ್ಲವೆಂದೇ ತಿಳಿಯತಕ್ಕದ್ದು.

ಹಳೆಯ ಅನುಭವಸ್ಥ ಚಾಲಕರು ಹೊಳೆಯ ದಡದಲ್ಲಿ ಗಾಡಿಯನ್ನು ಹತ್ತು ಹದಿನೈದು ನಿಮಿಷ ನಿಲ್ಲಿಸಿ, ದಾರಿಯನ್ನು ನೋಡಿಕೊಂಡು, ಆಮೇಲೆ ಇಳಿಸುವುದನ್ನು ಕೆಲವರು ಸೋಮಾರಿತನವೆಂದು ಆಕ್ಷೇಪಿಸುವುದುಂಟು. ಅಷ್ಟರಲ್ಲಿ ಅಚ್ಚು ಒಂದಿಷ್ಟು ಆರಿ, ನೀರನ್ನು ಸೆಳೆಯುವ ಬದಲು ದಡದ ಗಾಳಿಯನ್ನೇ ಸೆಳೆದುಕೊಂಡಿರುತ್ತದೆ. ಅವಸರವಿಲ್ಲದ ದಿನಗಳಲ್ಲಿ ಈ ಪದ್ಧತಿಯು ಕೊಳವೆಯಿರುವ ಗಾಡಿಗೂ ಒಳ್ಳೆಯದೇ.

ನೀರು ಹೊಕ್ಕಿದೆಯೇ ಎಂದು ಅನುಮಾನ ಬಂದರೆ ಪರೀಕ್ಷಿಸುವ ಕ್ರಮ ಸುಲಭವಾಗಿದೆ. ಗಾಡಿಯನ್ನು ಇರುಳೆಲ್ಲ ಅಲುಗಿಸದೆ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟು ಮಾಡುವುದಕ್ಕೆ ಮೊದಲು ಅಚ್ಚಿನ ಅಡಿಯ ಬಿರಟೆಯನ್ನು ಕೊಂಚ ಸಡಿಲಿಸಿ ಕೆಳಗೆ ಬಿಳಿಯ ಬಟ್ಟಲನ್ನು ಹಿಡಿಯಬೇಕು. ನೀರು ಎಣ್ಣೆಗಿಂತ ಭಾರವಾದುದರಿಂದ ಅಡಿಯಲ್ಲಿ ನಿಂತಿದ್ದು ಮೊದಲು ಬರುವುದು. ನೀರು ಬಾರದೆ ಕಾಫಿಯ ಬಣ್ಣದ ಎಣ್ಣೆ ಬಂದರೂ ಅದೇ ಅರ್ಥ. ಆಗ ಎಣ್ಣೆಯನ್ನೆಲ್ಲ ಇಳಿಸಿ, ಹೊಸ ಎಣ್ಣೆಯನ್ನು ಹಾಕಿ, ಕೆಲವು ಮೈಲಿ ನಿಧಾನವಾಗಿ ಓಡಿಸಿ, ಅದನ್ನೂ ಇಳಿಸಿ, ಎರಡನೆಯ ಸಲ ಹಾಕಿದ್ದನ್ನು ಉಳಿಸಿಕೊಳ್ಳಬೇಕು. ಮೊದಲ ಎಣ್ಣೆಯು ಮೂಲೆಮೂಲೆಯ ತೇವವನ್ನು ತೊಳೆಯುವುದಕ್ಕೆ ಮಾತ್ರ. ಎರಡು ಸಲದ ಎಣ್ಣೆಗೆ ವೆಚ್ಚವಾಯಿತೆಂದು ಚಿಂತಿಸುವವರು ಕ್ರೌನ್ ಪಿನಿಯನ್ನಿನ ಬೆಲೆಯನ್ನು ಒಮ್ಮೆ ವಿಚಾರಿಸಿ ಬರಬಹುದು.

೨೦೧೮ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ, ೨೦೧೯ರ ಆಗಸ್ಟಿನಲ್ಲಿ ಕೃಷ್ಣಾ ತೀರದ ಬೆಳಗಾವಿ, ಬಾಗಲಕೋಟೆ ಸೀಮೆಗಳಲ್ಲಿಯೂ ಬಂದಂಥ ಪ್ರವಾಹದಲ್ಲಿ ದಿನಗಟ್ಟಲೆ ಮುಳುಗಿ ನಿಂತ ಗಾಡಿಗೆ ಈ ಕೊಳವೆಯಿಂದ ರಕ್ಷಣೆಯಿಲ್ಲ. ಅಂಥ ಗಾಡಿಯನ್ನು ಸ್ಟಾರ್ಟು ಮಾಡಿ ನೋಡುವುದೂ, ಚಕ್ರಗಳನ್ನು ನೆಲದ ಮೇಲೆ ಉರುಳಿಸುತ್ತ ಹಗ್ಗ ಕಟ್ಟಿ ಎಳೆಯುವುದೂ ತಪ್ಪು. ಚಕ್ರಗಳು ತಿರುಗಿದರೆ ಅಚ್ಚಿನೊಳಗಿನ ಹಲ್ಲುಗಳೂ ತಿರುಗಿ ಕೆಸರಿನಲ್ಲಿ ಅರೆಯಲ್ಪಡುವುವು. ನಿಂತಲ್ಲಿಯೇ ಎಲ್ಲ ಪೆಟ್ಟಿಗೆಗಳ ಎಣ್ಣೆಯನ್ನೂ ಇಳಿಸಿ, ಹೊಸದನ್ನು ತುಂಬಿದ ಮೇಲೆಯೇ ಅಲ್ಲಿಂದ ಕದಲಿಸಬೇಕು.

ಕೊಳವೆಯನ್ನು ಹಾಕಿಸುವುದಕ್ಕೆ ತಕ್ಕ ಕಾಲವು ರೋಹಿಣಿ ಮಳೆಗೆ ಮುಂಚಿನ ಬೇಸಗೆಯ ದಿನಗಳು. ಮೃಗಶಿರ ಹುಟ್ಟಿದ ಮೇಲೆ ಮೆಕ್ಯಾನಿಕ್ಕುಗಳಿಗೆ ಬಿಡುವು ದೊರೆಯುವುದು ಕಷ್ಟ, ಹಳ್ಳಗಳೂ ಕಾಯುವುದಿಲ್ಲ. ಆಗಲೇ ಎರಡು ಅಚ್ಚುಗಳ ಎಣ್ಣೆಯನ್ನೂ ಒಮ್ಮೆ ಬಟ್ಟಲಿಗೆ ಹಿಡಿದು ನೋಡಿಸಿ, ಹಿಂದಿನ ಮಳೆಗಾಲದ ನೀರು ಒಳಗೆ ಉಳಿದಿದ್ದರೆ ತೆಗೆಯಿಸಿ, ಅನಂತರ ಕೊಳವೆಯನ್ನು ಕೂಡಿಸುವುದು ಕ್ರಮ.